ಖರ್ಚೇ ಇಲ್ಲದ ಗಾಡಿ

ಶ್ರೀರಾಮನಗರದ ಯಾವ ಓಣಿಗೆ ಬೇಕಾದರೂ ಹೋಗಿ, ಅಲ್ಲೊಬ್ಬ ರಿಮೋಟಣ್ಣ ಇದ್ದೇ ಇರುತ್ತಾನೆ. ಕುಷ್ಟಗಿಯಲ್ಲಿ ಅವನಿಗೆ ವೈರಿಂಗ್ ಮಾಸ್ತರ ಅಂತಾರೆ, ಯಲಬುರ್ಗಾದಲ್ಲಿ ಇನ್ನೇನೋ ಅಂತಾರೆ. ಹೆಸರು ಬೇರೆ, ಲಕ್ಷಣ ಒಂದೇ. ಅಂಗಿಯ ಕಿಸೆಯಲ್ಲಿ ಪೆನ್ನಿರಬೇಕಾದ ಜಾಗದಲ್ಲಿ ಟೆಸ್ಟರು. ತೋರುಬೆರಳ ತುದಿಯಲ್ಲಿ ಸಾಲ್ಡರ್ ಸುಟ್ಟ ಕಲೆ. ಯಾರ ಮನೆಗೆ ಹೋದರೂ ಚಹಾ ಬರುವ ಮೊದಲೇ ಅಟ್ಟದ ಕಡೆ ಒಂದು ನೋಟ. ಬಾಯಲ್ಲಿ ಒಂದೇ ಮಾತು: "ಅಂಗಡ್ಯಾಗ ತಗೊಂಡ್ರ ಸಾವಿರಾರು ರೂಪಾಯಿ ರೀ. ನಾವ ಮಾಡಿದ್ರ ಖರ್ಚೇ ಇಲ್ಲ."

ಈ 'ಖರ್ಚೇ ಇಲ್ಲ' ಎಷ್ಟಕ್ಕೆ ಬೀಳುತ್ತದೆ ಎಂಬುದನ್ನು ಅವನ ಹೆಂಡತಿಯನ್ನು ಕೇಳಬೇಕು.

ನಮ್ಮ ಓಣಿಯ ರಿಮೋಟಣ್ಣ ಹಗಲು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾನೆ. ಹೇಳಿಕೇಳಿ ಇದು ಗಂಗಾವತಿ ಸೀಮೆ. 1953ರಲ್ಲಿ ತುಂಗಭದ್ರಾ ಡ್ಯಾಮು ಮುಗಿದು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಆಂಧ್ರದ ಕರಾವಳಿ ಕಡೆಯಿಂದ ಬಂದವರು ಇಲ್ಲಿ ಕ್ಯಾಂಪುಗಳನ್ನು ಹಾಕಿ ಜಾಲಿಕಂಟಿ ಕಡಿದು ಗದ್ದೆ ಮಾಡಿದರು. ಗದ್ದೆಯ ಹಿಂದೆ ಮಿಲ್ಲು ಬಂತು. ಮಿಲ್ಲಿನೊಳಗೆ ಎಸೆಯುವಂಥದ್ದು ಯಾವುದೂ ಇಲ್ಲ. ಅಕ್ಕಿ ಚೀಲಕ್ಕೆ, ನುಚ್ಚು ಬೇರೆ ಚೀಲಕ್ಕೆ, ತೌಡು ಎಣ್ಣೆ ತೆಗೆಯುವವರಿಗೆ, ಹೊಟ್ಟು ಬಾಯ್ಲರಿಗೆ, ಕೊನೆಗೆ ಬೂದಿಗೂ ಒಬ್ಬ ಗಿರಾಕಿ. ಇದನ್ನೆಲ್ಲ ಕ್ವಿಂಟಲ್ ಲೆಕ್ಕದಲ್ಲಿ ಬರೆದು ಬರೆದು ಅವನ ತಲೆಯಲ್ಲಿ ಒಂದು ತತ್ವ ಕೂತುಬಿಟ್ಟಿದೆ: ಲೋಕದಲ್ಲಿ ವೇಸ್ಟ್ ಎನ್ನುವುದೇ ಇಲ್ಲ. ಮಾತು ಸರಿಯೇ. ಆದರೆ ಮನೆಗೆ ಬಂದ ಕೂಡಲೇ ಅವನು ಅದನ್ನು ತಿರುವಿ ಹಾಕುತ್ತಾನೆ. ಓಡುತ್ತಿರುವ ಮಿಕ್ಸರ್ ಅವನ ಕಣ್ಣಿಗೆ ಇನ್ನೂ ಬಿಚ್ಚದಿರುವ ಮೋಟಾರು.

ಮಗ ಮೊಬೈಲಿನಲ್ಲಿ ರಾಕ್ ಕ್ರಾಲರ್ ಎಂಬ ಗಾಡಿಯನ್ನು ನೋಡಿದ್ದೇ ನೆಪ. ರಿಮೋಟಿನಲ್ಲಿ ನಡೆಯುವ ಪುಟ್ಟ ಜೀಪು. ಓಡುವುದು ಅದರ ಕೆಲಸವಲ್ಲ, ಬಂಡೆ ಹತ್ತುವುದು. ನಾಲ್ಕೂ ಗಾಲಿಗೆ ಶಕ್ತಿ, ಮೆತ್ತನೆಯ ಟೈರು, ಗೇರಿನಲ್ಲಿ ಇಳಿಸಿ ಇಳಿಸಿ ಬಸವನಹುಳುವಿನ ವೇಗಕ್ಕೆ ತಂದ ಮೋಟಾರು. ಒಂದು ಗಾಲಿ ಆಕಾಶ ನೋಡುತ್ತಿದ್ದರೂ ಉಳಿದ ಮೂರು ಕಲ್ಲನ್ನು ಕಚ್ಚಿಕೊಂಡು ಮೇಲೇರುತ್ತದೆ. ಹೆಸರಾದ ಕಂಪನಿಯದ್ದು ಬೇಕೆಂದರೆ ಅಮೆರಿಕದಲ್ಲೇ ಐನೂರು ಡಾಲರಿನ ಆಸುಪಾಸು. ಆಟಿಕೆಗಳ ಆಮದು ಸುಂಕವನ್ನು ಸರ್ಕಾರ 2020ರಲ್ಲಿ ಶೇಕಡಾ 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿಸಿದೆ. ಶ್ರೀರಾಮನಗರ ಮುಟ್ಟುವಷ್ಟರಲ್ಲಿ ಆ ದುಡ್ಡಿಗೆ ಹೊಸ ಟಿವಿಎಸ್ ಎಕ್ಸೆಲ್ ಬರುತ್ತದೆ, ಅದರ ಮೇಲೆ ಎರಡು ಚೀಲ ಗೊಬ್ಬರವನ್ನೂ ಹೇರಬಹುದು.

"ಸುಂಕ ಏರಿಸಿದ್ದು ಯಾಕ? ನಾವ ಮಾಡ್ಲಿ ಅಂತ," ಎಂದ ರಿಮೋಟಣ್ಣ. ನಮ್ಮದೇ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿದ್ದಾರಲ್ಲ, ಅದನ್ನು ಅವನು ತನ್ನ ಮನೆಯ ಶಾಖೆಗೆ ಹಾಕಿದ ಅಡಿಗಲ್ಲೆಂದೇ ತಿಳಿದಿದ್ದಾನೆ.

ಒಂದು ಸಂಗತಿ ಮಾತ್ರ ಯಾರಿಗೂ ಹೊಳೆಯಲಿಲ್ಲ. ಶ್ರೀರಾಮನಗರದಲ್ಲಿ ಹತ್ತಲಿಕ್ಕೆ ಬಂಡೆಯೇ ಇಲ್ಲ. ಎಲ್ಲಿ ನೋಡಿದರೂ ಚಪ್ಪಟೆ ಗದ್ದೆ, ಎತ್ತರ ಅಂದರೆ ಬದು. ಬಂಡೆ ಬೇಕೆಂದರೆ ಗಂಗಾವತಿ ದಾಟಿ ಆನೆಗೊಂದಿ, ಸಾಣಾಪುರದ ಕಡೆ ಹೋಗಬೇಕು.

ಮೊದಲ ಗಾಡಿಗೆ ನಾಲ್ಕು ಹಳದಿ ಮೋಟಾರು ತರಿಸಿದ. ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಮಕ್ಕಳು ಬಳಸುತ್ತಾರಲ್ಲ, ಅದೇ ಪ್ಲಾಸ್ಟಿಕ್ ಗೇರಿನದು. ಟೈರಿಗೆ ಮಿಲ್ಲಿನಲ್ಲಿ ಭತ್ತ ಸುಲಿಯುವ ಯಂತ್ರದ ಸವೆದ ರಬ್ಬರ್ ರೋಲು. ಅದರಿಂದ ಪಟ್ಟಿ ಕೊಯ್ದು ಸುತ್ತಿದ. ಸಾವಿರಾರು ಚೀಲ ಭತ್ತದ ಸಿಪ್ಪೆ ಸುಲಿದ ರಬ್ಬರು ಅದು. ಗಟ್ಟಿತನಕ್ಕೇನೂ ಕಮ್ಮಿಯಿಲ್ಲ, ಹಿಡಿತ ಮಾತ್ರ ಸೊನ್ನೆ. ಗಾಡಿ ಮನೆ ಮುಂದಿನ ಕಟ್ಟೆಗೆ ಮೂತಿ ಇಟ್ಟು ಕಿರುಗುಟ್ಟಿತು, ಒಳಗೆ ಗೇರಿನ ಹಲ್ಲು ಉದುರಿತು. ಟೈರು ಮೆತ್ತಗಿರಬೇಕು ಎಂದು ಆಗ ಗೊತ್ತಾಯಿತು. ಮರುದಿನ ಅಡುಗೆಮನೆಯಿಂದ ಪಾತ್ರೆ ತೊಳೆಯುವ ಸ್ಪಂಜು ಮಾಯ. ಸ್ಪಂಜಿನ ಮೇಲೆ ಸೈಕಲ್ ಟ್ಯೂಬ್ ಸುತ್ತಿದ ಟೈರು ತಯಾರಾಯಿತು, ಚೆನ್ನಾಗಿಯೂ ಕೂತಿತು. ಆ ವಾರ ಅವರ ಮನೆಯಲ್ಲಿ ಪಾತ್ರೆ ಬೂದಿಯಲ್ಲಿ ಬೆಳಗಿದವು.

ಎರಡನೆಯ ಗಾಡಿಗೆ ಗುಜರಿಯಿಂದ ದೊಡ್ಡ ಆಟಿಕೆ ಟ್ರಕ್ಕೊಂದರ ಎರಡು ಆಕ್ಸಲ್, ನಡುವೆ ಹಳೇ ಕಾರಿನ ವೈಪರ್ ಮೋಟಾರು. ವೈಪರ್ ಮೋಟಾರಿನ ಆಯ್ಕೆಗೆ ನಾನೂ ತಲೆದೂಗಿದೆ. ಅದರೊಳಗಿನದು ವರ್ಮ್ ಗೇರು. ಮೋಟಾರು ಗಾಲಿಯನ್ನು ತಿರುಗಿಸೀತು, ಗಾಲಿ ಮೋಟಾರನ್ನು ತಿರುಗಿಸಲಾರದು. ಇಳಿಜಾರಲ್ಲಿ ಕರೆಂಟು ಹೋದರೂ ಗಾಡಿ ಹಿಂದೆ ಜಾರುವುದಿಲ್ಲ. ಆದರೆ ಎರಡೇ ಆಂಪಿಯರ್ ತಡೆಯುವ ಡ್ರೈವರ್ ಬೋರ್ಡಿಗೆ ಇಂಥ ರಾಕ್ಷಸ ಮೋಟಾರನ್ನು ಜೋಡಿಸಿದರೆ ಏನಾಗಬೇಕು? ಹೊಗೆ ಬಂತು. ಇನ್ನೊಂದು ಬೋರ್ಡು ಹಾಕಿದ. ಮತ್ತೆ ಹೊಗೆ. ಆಮೇಲೆ ದೊಡ್ಡ ಬೋರ್ಡನ್ನೇ ತರಿಸಿದ. ಕರೆಂಟಿಗೆ ಮಾವನ ಔಷಧ ಹೊಡೆಯುವ ಪಂಪಿನ 12 ವೋಲ್ಟಿನ ಸೀಸದ ಬ್ಯಾಟರಿ. "ತೂಕ ಜಾಸ್ತಿ ಆಗಲಿಲ್ಲೇನೋ?" ಅಂದೆ. "ತೂಕ ತಳದಾಗ ಕುಂತ್ರ ಗಾಡಿ ಪಲ್ಟಿ ಹೊಡ್ಯಂಗಿಲ್ರೀ," ಅಂದ. ಇಂಥವರ ಸಂಗಡ ವಾದಿಸಲಾಗದು. ಹತ್ತರಲ್ಲಿ ಎರಡು ಮಾತು ನಿಜವಾಗಿರುತ್ತವೆ, ಆ ಎರಡನ್ನೇ ಅವರು ಮುಂದೆ ಬಿಡುತ್ತಾರೆ.

ಬಾಡಿ ಕಟ್ಟುವಾಗ ಕಿನ್ನಾಳ ನೆನಪಾಯಿತು. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದ ಗೊಂಬೆಗೆ ಮರದ ಪುಡಿ, ಗೋಣಿನಾರು, ಹುಣಸೆಬೀಜದ ಅಂಟು ಸೇರಿಸಿ ಅರೆದ ಕಿಟ್ಟ ಮೆತ್ತುತ್ತಾರೆ. ತಲೆತಲಾಂತರದ ವಿದ್ಯೆ. ಅದನ್ನು ಇವನು ಒಂದು ಭಾನುವಾರದಲ್ಲಿ ಮುಗಿಸಿದ. ರಟ್ಟಿನ ಜೀಪಿಗೆ ಹುಣಸೆಬೀಜದ ಅಂಟು ಬಳಿದು ನೆರಳಿಗಿಟ್ಟ. ಮಕ್ಕಳು ಕೆಂಪು ಬಣ್ಣ ಬಳಿದರು. ಬೆಳಗ್ಗೆ ನೋಡಿದರೆ ಬಾನೆಟ್ಟಿನ ಮೇಲೆ ಕೆಂಪು ಇನ್ನೂ ದಟ್ಟವಾಗಿ, ಚಲಿಸುತ್ತಿತ್ತು. ಇರುವೆ! ಬಾಗಿಲ ಸಂದಿಯಿಂದ ಹಿಡಿದು ಗಾಡಿಯ ಸ್ಟೇರಿಂಗಿನ ತನಕ ಸಾಲುಗಟ್ಟಿದ್ದವು. ಆ ಗಾಡಿಯಲ್ಲಿ ಮೊದಲು ಪ್ರಯಾಣ ಮಾಡಿದವರು ಅವರೇ.

ಆಯುಧ ಪೂಜೆ ಬಂತು. ಓಣಿಯ ಟ್ರ್ಯಾಕ್ಟರುಗಳನ್ನು ತೊಳೆದು, ಬಾಳೆಕಂಬ ಕಟ್ಟಿ, ಸಾಲಾಗಿ ನಿಲ್ಲಿಸಿದ್ದರು. ಸಾಲಿನ ಕೊನೆಗೆ ಚೆಂಡುಹೂವಿನ ಹಾರ ಹಾಕಿದ ನಮ್ಮ ರಾಕ್ ಕ್ರಾಲರು. ಹಾರದ ಭಾರಕ್ಕೆ ಮುಂದಿನ ಸ್ಪಂಜು ಟೈರು ಸ್ವಲ್ಪ ಕುಸಿದಿತ್ತು. ಮಂಗಳಾರತಿ ಆಯಿತು, ಕಾಯಿ ಒಡೆಯಿತು. ಟ್ರ್ಯಾಕ್ಟರುಗಳು ಒಂದೊಂದಾಗಿ ನಿಂಬೆಹಣ್ಣನ್ನು ಪಚಕ್ಕೆಂದು ತುಳಿದು ಮುಂದೆ ಹೋದವು. ಕೊನೆಗೆ ನಮ್ಮವನ ಸರದಿ. ಮೊಬೈಲಿನ ಗುಂಡಿ ಒತ್ತಿದ. ಗಾಡಿಯ ಎಡಗಾಲಿ ನಿಂಬೆಹಣ್ಣನ್ನು ಮುಟ್ಟಿತು. ಮುಟ್ಟಿ ಅಲ್ಲೇ ನಿಂತಿತು. ಬಲಗಾಲಿ ಮಾತ್ರ ಗಿರಗಿರನೆ ತಿರುಗುತ್ತಿದೆ. ಬಂಡೆ ಹತ್ತಬೇಕಾದ ಗಾಡಿಗೆ ನಿಂಬೆಹಣ್ಣು ದಾಟಲಾಗಲಿಲ್ಲ. ಮಕ್ಕಳು ನಕ್ಕರು. ಅವನ ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ನಗದವನು ಒಬ್ಬನೇ, ಟ್ರ್ಯಾಕ್ಟರ್ ಡ್ರೈವರು. ಕುಕ್ಕರಗಾಲಲ್ಲಿ ಕೂತು, ತಲೆ ಓರೆ ಮಾಡಿ ಗಾಡಿಯ ಅಡಿಯನ್ನು ನೋಡಿದ. "ಅಣ್ಣಾರ, ಇದಕ್ಕ ಡಿಫರೆನ್ಷಿಯಲ್ ಐತಿ. ಹಗುರ ಇದ್ದ ಗಾಲಿಗೇ ಎಲ್ಲಾ ಜೋರು ಹೊಂಟೈತಿ. ಕೆಸರಾಗ ನಮ್ಮ ಟ್ಯಾಕ್ಟ್ರು ಹಿಂಗ ಸಿಕ್ಕೊಂಡ್ರ ನಾವು ಲಾಕ್ ಒತ್ತತೀವಿ. ನಿಮ್ಮದ್ರಾಗ ಲಾಕ್ ಎಲ್ಲೈತಿ?" ಲಾಕ್ ಇರಲಿಲ್ಲ. "ಹಂಗಾರ ಒಳಗ ಎಂ-ಸೀಲ್ ತುಂಬ್ರಿ. ಎರಡೂ ಗಾಲಿ ಜೋಡೀಲೆ ತಿರುಗ್ತಾವು. ಮುಂದಿನ ಗಾಲಿ ಒಳಗ ತೂಕ ಹಾಕ್ರಿ. ನಾವು ಟೈರಿನಾಗ ನೀರು ತುಂಬಂಗಿಲ್ಲೇನು, ಹಂಗ."

ದೇಶವಿದೇಶದ ಕ್ರಾಲರ್ ಹುಚ್ಚರು ಮಾಡುವುದೂ ಇದನ್ನೇ: ಡಿಫರೆನ್ಷಿಯಲ್ಲನ್ನು ಗಟ್ಟಿ ಮಾಡುವುದು, ಮುಂದಿನ ಗಾಲಿಯೊಳಗೆ ತೂಕ ತುಂಬುವುದು. ನಮ್ಮ ಡ್ರೈವರಿಗೆ ಅದನ್ನು ಯಾವ ವಿಡಿಯೋವೂ ಕಲಿಸಿರಲಿಲ್ಲ, ನಾಟಿಗೆ ಮುಂಚಿನ ಕೆಸರು ಕಲಿಸಿತ್ತು. ಟೈರ್ ಅಂಗಡಿಯ ಕಸದಿಂದ ವೀಲ್ ಬ್ಯಾಲೆನ್ಸಿಂಗಿನ ಸೀಸದ ತುಂಡು ಆಯ್ದು ತಂದರು. ಮೂರನೆಯ ದಿನ ಗಾಡಿ ನಿಂಬೆಹಣ್ಣು ದಾಟಿತು, ಆಮೇಲೆ ಇಟ್ಟಿಗೆ ದಾಟಿತು, ಆಮೇಲೆ ಹೊಸ್ತಿಲು ದಾಟಿ ದೇವರ ಕೋಣೆಗೆ ಹೋಯಿತು. ಅಲ್ಲಿ ಅವನ ತಾಯಿ ಪೊರಕೆಯಲ್ಲಿ ಸ್ವಾಗತಿಸಿದರು.

ಈ ಹೊತ್ತಿಗೆ ಖರ್ಚೆಷ್ಟು? ಮಿಲ್ಲಿನಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಬಂದರೆ ರಾತ್ರಿಯಿಡೀ ಕೂತು ಹುಡುಕುವ ಮನುಷ್ಯ ಮನೆಯ ಲೆಕ್ಕವನ್ನು ನನಗೆ ಹೀಗೆ ಒಪ್ಪಿಸಿದ. ಮಾವನ ಬ್ಯಾಟರಿ, ಮಗನ ಸೈಕಲ್ ಟ್ಯೂಬು, ಸ್ಪಂಜು ಮನೆಯಲ್ಲಿದ್ದವು, ಸೊನ್ನೆ. ವೈಪರ್ ಮೋಟಾರು ಗಂಗಾವತಿಯಲ್ಲಿ ಕೊಂಡದ್ದು ನಿಜ, ಆದರೆ ಗಂಗಾವತಿಗೆ ಹೇಗೂ ಹೋಗಬೇಕಿತ್ತು, ಸೊನ್ನೆ. ಸುಟ್ಟ ಎರಡು ಬೋರ್ಡು ಗಾಡಿಯಲ್ಲಿ ಇಲ್ಲವೇ ಇಲ್ಲ, ಅವನ್ನು ಗಾಡಿಯ ಖರ್ಚಿಗೆ ಹಿಡಿಯುವುದು ಹೇಗೆ? ಸೊನ್ನೆ. ಸಾಲ್ಡರಿಂಗ್ ಐರನ್ ಮುಂದೆಯೂ ಉಪಯೋಗಕ್ಕೆ ಬರುವ ಆಸ್ತಿ. ನನ್ನಿಂದ ಒಯ್ದ ಸ್ಕ್ರೂಡ್ರೈವರ್ ಸೆಟ್ಟು ವಾಪಸ್ ಕೊಡುವಂಥದ್ದು, ಆದ್ದರಿಂದ ಅದೂ ಸೊನ್ನೆ. (ಇನ್ನೂ ಕೊಟ್ಟಿಲ್ಲ.) ಒಟ್ಟು ಖರ್ಚು ಎಂ-ಸೀಲಿನದು, ಮೂವತ್ತು ರೂಪಾಯಿ. ಅದನ್ನೂ ಡ್ರೈವರೇ ಕೊಟ್ಟಿದ್ದ.

ಅವನ ಕೋಣೆಯ ಗೋಡೆಯಲ್ಲಿ ಪೇಪರಿನಿಂದ ಕತ್ತರಿಸಿದ ಒಂದು ಫೋಟೊ ಇದೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟುಗಳ ಪೈಕಿ 19ನೆಯದು ಚೈನು ಕಡಿದು ಕೊಚ್ಚಿ ಹೋಯಿತಲ್ಲ, ಆಗ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದ ಕನ್ನಯ್ಯ ನಾಯ್ಡು ಅವರದು. ನಮ್ಮ ಸೀಮೆಯ ಅನ್ನ ಅವತ್ತು ಉಳಿಯಿತು, ಆ ಫೋಟೊ ಯಾರ ಮನೆಯಲ್ಲಿದ್ದರೂ ಶೋಭೆಯೇ. ಆದರೆ ರಿಮೋಟಣ್ಣ ಅದರ ಪಕ್ಕದಲ್ಲಿ ತನ್ನ ಫೋಟೊಗೂ ಒಂದು ಮೊಳೆ ಹೊಡೆದಿಟ್ಟಿದ್ದಾನೆ. ಸದ್ಯಕ್ಕೆ ಮೊಳೆ ಖಾಲಿ ಇದೆ.

ಅಂತೂ ಒಂದು ಭಾನುವಾರ ಗಾಡಿಯನ್ನು ಸಾಣಾಪುರ ಕೆರೆಯ ದಡಕ್ಕೆ ಒಯ್ದೆವು. ಕೆರೆ ತುಂಬಿತ್ತು. ಆನೆಯಂಥ ಬಂಡೆಗಳು ನೀರಿನವರೆಗೂ ಇಳಿದು ಮಲಗಿದ್ದವು. ಅಂಜನಾದ್ರಿ ಪಕ್ಕದಲ್ಲೇ ಇರುವುದರಿಂದ ಕೋತಿಗಳ ಭಯ. ಹನುಮಪ್ಪನ ದಂಡು ಗಾಡಿಯನ್ನು ಎತ್ತಿಕೊಂಡು ಹೋದರೆ ಏನು ಗತಿ ಎಂದು ರಿಮೋಟಣ್ಣ ಕೈಯಲ್ಲಿ ಕೋಲು ಹಿಡಿದಿದ್ದ. ಒಂದು ಮುದಿ ಕೋತಿ ಬಂತು. ಗಾಡಿಯನ್ನು ಸುತ್ತುಹಾಕಿತು, ಮೂಸಿತು, ಬಾನೆಟ್ಟಿನ ಹುಣಸೆಬೀಜದ ಅಂಟನ್ನು ಉಗುರಿನಿಂದ ಒಂದಿಷ್ಟು ಕೆರೆದು ನೆಕ್ಕಿತು. ಆಮೇಲೆ ಮುಖ ತಿರುಗಿಸಿ, ಅಲ್ಲಿ ಕೂತಿದ್ದ ಬೇರೆಯವರ ಬಾಳೆಹಣ್ಣಿನ ಚೀಲ ಕಸಿದುಕೊಂಡು ಹೋಯಿತು. ಅಷ್ಟು ಹೊತ್ತು ಕಾವಲು ನಿಂತಿದ್ದವನಿಗೆ ಅದು ದೊಡ್ಡ ಅವಮಾನ.

ಆದರೆ ಗಾಡಿ ಹತ್ತಿತು, ಸುಳ್ಳು ಹೇಳಬಾರದು. ಟ್ಯೂಬಿನ ಟೈರು ಕಲ್ಲನ್ನು ಹಿಡಿದು, ವೈಪರ್ ಮೋಟಾರು ಗುರ್ ಗುರ್ ಎನ್ನುತ್ತ, ಮುಂದಿನ ಬಲಗಾಲಿಯನ್ನು ಗಾಳಿಯಲ್ಲಿ ಬಿಟ್ಟು ಉಳಿದ ಮೂರರಲ್ಲಿ ಮೇಲೇರಿತು. ನಾವೆಲ್ಲ ಚಪ್ಪಾಳೆ ಹೊಡೆದೆವು. ಬಂಡೆಯ ನೆತ್ತಿಯಲ್ಲಿ ಗಾಡಿ, ಕೆಳಗೆ ಮೊಬೈಲ್ ಹಿಡಿದ ರಿಮೋಟಣ್ಣ. ಅದೇ ಹೊತ್ತಿಗೆ ಮೊಬೈಲ್ ರಿಂಗಾಯಿತು. ಮಾವ.

"ಅಳಿಯಾರ, ಗದ್ದಿಗೆ ಕಂದು ಜಿಗಿಹುಳ ಬಿದ್ದೈತಿ. ಇವತ್ತ ಔಷಧ ಹೊಡೀಬೇಕು. ಪಂಪಿನ ಬ್ಯಾಟರಿ ಎಲ್ಲೈತ್ರಿ?"

ಇಲ್ಲೊಂದು ತಾಂತ್ರಿಕ ವಿವರ ಹೇಳಲೇಬೇಕು. ದುಡ್ಡು ಉಳಿಸಲೆಂದು ಅವನು ರಿಮೋಟ್ ಕೊಳ್ಳದೆ ಮೊಬೈಲಿನ ಬ್ಲೂಟೂತ್ ಬಳಸಿದ್ದ. ಸಂಪರ್ಕ ತಪ್ಪಿದರೆ ಗಾಡಿ ತಾನಾಗಿ ನಿಲ್ಲಬೇಕು ಎಂಬ ಎರಡು ಸಾಲನ್ನು ಪ್ರೋಗ್ರಾಮಿನಲ್ಲಿ ಬರೆದಿರಲಿಲ್ಲ. ಬರೆಯದಿದ್ದರೆ, ಗಾಡಿ ಕೊನೆಗೆ ಕೇಳಿಸಿಕೊಂಡ ಆಜ್ಞೆಯನ್ನೇ ಪಾಲಿಸುತ್ತ ಹೋಗುತ್ತದೆ. ಕೊನೆಯ ಆಜ್ಞೆ 'ಮುಂದೆ' ಎಂದಿತ್ತು.

"ಮಾವಾರ, ಬ್ಯಾಟರಿ ಇಲ್ಲೇ ಐತ್ರಿ, ಭಾಳ ಛಲೋ ಐತ್ರಿ," ಎನ್ನುತ್ತಿದ್ದಾನೆ ಇವನು. ಗಾಡಿ ಆಚೆ ಬದಿಗೆ ಇಳಿಯುತ್ತಿದೆ. ಅವಸರವಿಲ್ಲ, ಜಾರುವುದಿಲ್ಲ, ರಾಕ್ ಕ್ರಾಲರ್ ಇಳಿಯಬೇಕಾದ ರೀತಿಯಲ್ಲೇ ಒಂದೊಂದೇ ಗಾಲಿ ಊರಿ ನೀರಿಗಿಳಿಯಿತು. ಬಾನೆಟ್ಟು ಮುಳುಗಿತು. ಮಾವ ಇನ್ನೂ ಲೈನಿನಲ್ಲಿದ್ದರು.

ಡ್ರೈವರು ಲುಂಗಿ ಎತ್ತಿಕಟ್ಟಿ ಸೊಂಟದ ಮಟ್ಟದ ನೀರಿಗಿಳಿದು ಎತ್ತಿ ತಂದ. ಅಂಟು ಕರಗಿ ಕೆರೆ ಸೇರಿತ್ತು, ಬೋರ್ಡು ಹೋಗಿತ್ತು. ಬ್ಯಾಟರಿಗೆ ಏನೂ ಆಗಿರಲಿಲ್ಲ. ಸಂಜೆ ಅದೇ ಬ್ಯಾಟರಿಯಲ್ಲಿ ಮಾವ ಔಷಧ ಹೊಡೆದರು. ಸುಟ್ಟ ಬೋರ್ಡು ಈಗ ಗಾಡಿಯಲ್ಲಿ ಇಲ್ಲದ ಕಾರಣ ಲೆಕ್ಕದಿಂದಲೂ ಹೋಯಿತು.

ಮೊನ್ನೆ ಪಕ್ಕದ ಗದ್ದೆಯಲ್ಲಿ ಯಾರೋ ಡ್ರೋನಿನಿಂದ ಔಷಧ ಸಿಂಪಡಿಸಿದರು. ರಿಮೋಟಣ್ಣ ಬದುವಿನ ಮೇಲೆ ನಿಂತು ಬಹಳ ಹೊತ್ತು ಕತ್ತೆತ್ತಿ ನೋಡಿದನಂತೆ. "ಏನೈತ್ರೀ ಅದ್ರಾಗ? ನಾಲ್ಕು ಮೋಟಾರು, ನಾಲ್ಕು ರೆಕ್ಕಿ," ಅಂದನಂತೆ. ಶ್ರೀರಾಮನಗರದ ಆಸುಪಾಸಿನವರಲ್ಲಿ ನನ್ನದೊಂದು ವಿನಂತಿ: ಟೇಬಲ್ ಫ್ಯಾನುಗಳನ್ನು ಒಳಗಿಟ್ಟುಕೊಳ್ಳಿ. ಕೆಟ್ಟದ್ದಿದ್ದರೆ ಕೊಟ್ಟುಬಿಡಿ. ಚೆನ್ನಾಗಿ ತಿರುಗುವುದಿದ್ದರೆ ಬೀಗ ಹಾಕಿ.