ಬಟನ್ ಒತ್ತಿ ನೋಡಿದಿರಾ ಸ್ವಾಮಿ?

ಸಾಫ್ಟ್‌ವೇರ್ ಕಂಪನಿಗಳಲ್ಲಿ ಟೆಕ್ನಿಕಲ್ ರೈಟರ್ ಅಂತ ಒಂದು ಸಾಧುಪ್ರಾಣಿ ಇರುತ್ತದೆ. ಎಂಜಿನಿಯರು ಕಾಫಿ ಲೋಟ ಹಿಡಿದು ಮೀಟಿಂಗಿಗೆ ಓಡುತ್ತಾ, "ಅದರಲ್ಲೇನಿದೆ, ಸೇವ್ ಒತ್ತಿದರೆ ಆಯ್ತು" ಅಂದರೆ ಸಾಕು. ಈ ಪ್ರಾಣಿ ಶ್ರದ್ಧೆಯಿಂದ "ಸೇವ್ ಒತ್ತಿ" ಎಂದು ಬರೆದು, ಪಕ್ಕದಲ್ಲೊಂದು ಅಂದವಾದ ಸ್ಕ್ರೀನ್‌ಶಾಟ್ ಅಂಟಿಸುತ್ತದೆ. ಒತ್ತಿ ನೋಡಿತೇ? ಎಲ್ಲಿಂದ? ರಿಲೀಸ್ ನಾಳೆ, ಬಿಲ್ಡ್ ಇನ್ನೂ ಬಂದಿಲ್ಲ. ಸ್ಕ್ರೀನ್‌ಶಾಟ್ ಹೋದ ವರ್ಷದ್ದು.

ಅಲ್ಪವಿರಾಮ ಎಲ್ಲಿರಬೇಕು ಅಂತ ಇವರು ಅರ್ಧ ದಿನ ಜಗಳ ಕಾಯುತ್ತಾರೆ. "ಇದು ನಿಜವಾ?" ಅಂತ ಕೇಳುವುದಕ್ಕೆ ಮಾತ್ರ, ಹೊಸ ಅಳಿಯ ಮಾವನ ಮನೆಯಲ್ಲಿ ಇನ್ನೊಂದು ಹೋಳಿಗೆ ಕೇಳುವಷ್ಟು ಸಂಕೋಚ.

ಈ ಸಂಕೋಚದ ಫಲ ನಾವೆಲ್ಲ ಉಂಡಿದ್ದೇವೆ. ಪಾಸ್‌ವರ್ಡಿಗೆ ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇರಲಿ, 90 ದಿನಕ್ಕೊಮ್ಮೆ ಬದಲಿಸಿ ಎಂಬ ಮಂತ್ರ ಗೊತ್ತಲ್ಲ? ಇದು ಊರೂರಿಗೆ ಹಬ್ಬಿದ್ದು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್‌ಗಾಗಿ ಬಿಲ್ ಬರ್ ಎನ್ನುವವರು 2003ರಲ್ಲಿ ಬರೆದ ಮಾರ್ಗದರ್ಶಿಯಿಂದ. ಜನ ನಿಜವಾಗಿ ಎಂಥ ಪಾಸ್‌ವರ್ಡ್ ಇಡುತ್ತಾರೆಂದು ನೋಡಬೇಕು ಅಂತ ಅವರು ಕೇಳಿದ್ದರು, ಪಾಪ, ಕೊಡಲಿಲ್ಲ. ಕೊನೆಗೆ 1980ರ ದಶಕದ ಒಂದು ಪ್ರಬಂಧವನ್ನೇ ಬಹುವಾಗಿ ನೆಚ್ಚಿಕೊಂಡರು. ಅವರಾದರೂ ಕೇಳಿದರು. ಅವರದ್ದನ್ನು ನೋಡಿ ಬರೆದುಕೊಂಡ ನಮ್ಮ ಸಾಧುಗಳು ಅದನ್ನೂ ಮಾಡಲಿಲ್ಲ. ಒಂದು ಮ್ಯಾನ್ಯುಯಲಿನಿಂದ ಇನ್ನೊಂದಕ್ಕೆ ಅದೇ ವಾಕ್ಯ. ಇತ್ತ ಜನ "ಗಣೇಶ@1" ಇಟ್ಟರು, ಮೂರು ತಿಂಗಳಾದ ಮೇಲೆ "ಗಣೇಶ@2". ಕಳ್ಳನಿಗೂ ಎಣಿಸಲು ಬರುತ್ತದೆ ಅಂತ ಯಾರಿಗೂ ಹೊಳೆಯಲಿಲ್ಲ. 2017ರಲ್ಲಿ ನಿಸ್ಟ್ ಈ ಸಲಹೆಯನ್ನೇ ಕೈಬಿಟ್ಟಿತು, ಬರ್ ಕೂಡ ಪತ್ರಿಕೆಯವರ ಮುಂದೆ ಪಶ್ಚಾತ್ತಾಪಪಟ್ಟರು. ನಿಮ್ಮ ಆಫೀಸಿನಿಂದ "ಪಾಸ್‌ವರ್ಡ್ ಬದಲಿಸಿ" ಅನ್ನುವ ಮೇಲ್ ಬರುವುದು ನಿಂತಿತೇ?

ಬರೆದದ್ದು ಸರಿಯಿದ್ದರೂ ಸಾಲದು, ಅದು ಬೇರೆ ಕತೆ. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್‌ನ ದಾಖಲೆಯಲ್ಲಿ ಲೆಕ್ಕ ಮೆಟ್ರಿಕ್ ಮಾನದಲ್ಲಿರಬೇಕೆಂದು ಸ್ಪಷ್ಟವಾಗಿತ್ತು. ಭೂಮಿಯ ಮೇಲಿನ ಸಾಫ್ಟ್‌ವೇರ್ ಪೌಂಡ್ ಲೆಕ್ಕ ಕೊಡುತ್ತಾ ಕೂತಿತ್ತು. 1999ರ ಸೆಪ್ಟೆಂಬರಿನಲ್ಲಿ ನೌಕೆ ಮಂಗಳಕ್ಕೆ ತೀರಾ ಹತ್ತಿರ ಹೋಗಿ ಕಾಣೆಯಾಯಿತು. ಕಾಗದ ಮಾತ್ರ ಕ್ಷೇಮ.

ಹಾಗಂತ ಅನುಮಾನದ ಪಿಶಾಚಿ ಆಗಿ, ಎಂಜಿನಿಯರ್ "ಗುಡ್ ಮಾರ್ನಿಂಗ್" ಅಂದರೆ ಕಿಟಕಿಯಾಚೆ ನೋಡಬೇಡಿ. "ಎರರ್ ಬಂದರೆ?" ಅಂತ ಒಂದು ಮಾತು ಕೇಳಿ. "ಬರಲ್ಲ ಬಿಡಿ" ಅಂತಾರೆ. "ಬಂದರೆ?" ಅನ್ನಿ. ಮುಖ ಸಣ್ಣದು ಮಾಡಿಕೊಂಡು ಲ್ಯಾಪ್‌ಟಾಪ್ ತೆರೆಯುತ್ತಾರೆ. ನೀವು ಮೆಲ್ಲಗೆ ವೈಫೈ ಆರಿಸಿ ಸೇವ್ ಒತ್ತಿ. ಪರದೆಯ ಮೇಲೆ ಕೆಂಪಕ್ಷರದಲ್ಲಿ ಬರುತ್ತದೆ: "ಅಜ್ಞಾತ ದೋಷ. ವಿವರಗಳಿಗೆ ಮ್ಯಾನ್ಯುಯಲ್ ನೋಡಿ."