ಯಂತ್ರಾವರೋಹಣ ಮೀಮಾಂಸೆ

ಶ್ರಮಸಂಸ್ಕೃತಿಯನ್ನು ಕುರಿತು ನಮ್ಮ ವಿದ್ವತ್ಸಭೆಗಳಲ್ಲಿ ಮಂಡಿತವಾಗುವ ಪ್ರಬಂಧಗಳು, ವಿಷಯವು ನೇಗಿಲೇ ಆಗಿರಲಿ ಬೀಸುಕಲ್ಲೇ ಆಗಿರಲಿ, ಪರಿಕಲ್ಪನೆ, ಚೌಕಟ್ಟು, ಆಯಾಮ, ನೆಲೆ ಎಂಬ ನಾಲ್ಕು ಕಂಬಗಳ ಮೇಲೆ ಮಂಟಪವನ್ನೆಬ್ಬಿಸಿ, ಒಳಗೆ ದೇವರನ್ನಿಡಲು ಮರೆತು, ಮಂಗಳಾರತಿಯನ್ನು ಮಾತ್ರ ಸಾಂಗವಾಗಿ ಎತ್ತುವುದನ್ನು ಬಹುಕಾಲ ಕುಳಿತು ನೋಡಿದ ಪುಣ್ಯವಿಶೇಷದಿಂದ, ನಾನೂ ಒಂದು ಪ್ರಬಂಧವನ್ನು ಮಂಡಿಸಲು ಅರ್ಹನಾಗಿದ್ದೇನೆಂದು ಭಾವಿಸುತ್ತೇನೆ. ವಿಷಯ: ಅಂಬಾಸಿಡರ್ ಕಾರಿನ 1489 ಸಿ.ಸಿ. ಪೆಟ್ರೋಲ್ ಎಂಜಿನ್ನನ್ನು ಮನೆಯಂಗಳದಲ್ಲೇ ಇಳಿಸಿ ಬೋರ್ ಕೆಲಸ ಮಾಡಿಸುವುದು. ಕಾಲವ್ಯಾಪ್ತಿ: ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಅವತಾರವು ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಎಂಬ ನಾಮಧೇಯವನ್ನು ಪಡೆದ 1957ರಿಂದ, ಅಲ್ಲಿ ಉತ್ಪಾದನೆ ನಿಂತ 2014ರವರೆಗೆ.

ಪ್ರಾಕ್ಕಲ್ಪನೆ: ನೀಲಿ ಹೊಗೆ ಉಗುಳುವ ಕಾರು ಆಯಿಲ್ ಕುಡಿಯುತ್ತಿದೆ. ಇದನ್ನು ಯಾವ ಗ್ಯಾರೇಜಿನ ಹುಡುಗನಾದರೂ ರಸ್ತೆಯ ಆಚೆ ಬದಿಯಿಂದಲೇ ಹೇಳಿಬಿಡುವನಾದ್ದರಿಂದ, ಶಾಸ್ತ್ರದ ಮರ್ಯಾದೆಯನ್ನುಳಿಸುವ ಸಲುವಾಗಿ ಇನ್ನು ಮುಂದೆ ಇದನ್ನು ‘ಧೂಮವರ್ಣಾಧಾರಿತ ಸ್ನೇಹದ್ರವ್ಯಕ್ಷಯಾನುಮಾನ’ವೆಂದು ಕರೆಯತಕ್ಕದ್ದು. ಪರ್ವತದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನೂಹಿಸಿದ ತಾರ್ಕಿಕರು ಹೊಗೆಯ ಬಣ್ಣವನ್ನು ವಿಚಾರಿಸದೆ ಹೋದದ್ದು ನಮ್ಮ ನ್ಯಾಯದರ್ಶನದ ಒಂದು ಕೊರತೆಯೆಂದೇ ಹೇಳಬೇಕು.

ಬಾನೆಟ್ಟು, ರೇಡಿಯೇಟರು, ಕಾರ್ಬ್ಯುರೇಟರು, ಡೈನಮೊ, ಸೆಲ್ಫ್ ಮೋಟಾರುಗಳನ್ನು ಕಳಚಿ, ಸೈಲೆನ್ಸರಿನ ಪೈಪನ್ನು ಬಿಡಿಸಿದ ಮೇಲೆ, ಒಂದು ಕ್ವಿಂಟಾಲಿಗೆ ಮೀರಿದ ಆ ಪಿಂಡವನ್ನು ಎತ್ತುವ ವಿಷಯದಲ್ಲಿ ಆಚಾರ್ಯರಿಗೆ ಮತಭೇದವುಂಟು. ಚೈನ್ ಪುಲ್ಲಿಯನ್ನು ಮಾವಿನ ಕೊಂಬೆಗೆ ಕಟ್ಟುವವರು ಶಾಖಾವಾದಿಗಳು. ಮೂರು ಕಬ್ಬಿಣದ ಪೈಪುಗಳ ತುದಿಯನ್ನು ಬಿಗಿದು ನಿಲ್ಲಿಸುವವರು ತ್ರಿಪಾದವಾದಿಗಳು. ಹಗ್ಗ ಸುತ್ತಿ, ಬೊಂಬು ತೂರಿಸಿ, ಅಕ್ಕಪಕ್ಕದ ಮನೆಯವರನ್ನು ಕೂಗುವವರು ಬಹುಜನವಾದಿಗಳು. ಶಾಖಾವಾದವನ್ನು ಕುರಿತು ಮನೆಯ ಯಜಮಾನಿಯು ಎತ್ತುವ ಆಕ್ಷೇಪಗಳು ಅತ್ಯಂತ ಪ್ರಬಲವಾಗಿದ್ದರೂ, ಮುದ್ರಿತ ಆಕರಗಳಲ್ಲಿ ದೊರೆಯದ ಕಾರಣ ಅಗ್ರಾಹ್ಯ.

ಬೋಲ್ಟುಗಳು ಪಂಚವಿಧ. ಸ್ಪ್ಯಾನರ್ ತಾಗಿದೊಡನೆ ಬಿಟ್ಟುಕೊಡುವುದು ಸುಮೋಚ್ಯ. ದುರ್ಮೋಚ್ಯಕ್ಕೆ ಸಂಜೆ ಸೀಮೆಎಣ್ಣೆಯ ಅಭಿಷೇಕ, ಇರುಳೆಲ್ಲ ಜಾಗರಣೆ, ಬೆಳಗ್ಗೆ ಸುತ್ತಿಗೆ. ಅಮೋಚ್ಯವು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಗಂಟು ಹಾಕಿರುವೆಡೆಯ ಮೇಲ್ತುದಿಯಲ್ಲಿ, ಕೈ ಹೋದಲ್ಲಿ ಕಣ್ಣು ಹೋಗದ, ಕಣ್ಣು ಹೋದಲ್ಲಿ ಕೈ ಹೋಗದ ಸ್ಥಾನದಲ್ಲಿ ನೆಲೆಸಿರುತ್ತದೆ. ಉಳಿದೆರಡನ್ನು ವಿವರಿಸಲಾರೆ. ವರ್ಗೀಕರಣದಿಂದ ಬೋಲ್ಟು ಸಡಿಲವಾದ ದೃಷ್ಟಾಂತ ಈವರೆಗೆ ಒಂದೂ ಇಲ್ಲ.

ಸಡಿಲಿಸಿದವನು ಮೇಸ್ತ್ರಿ. ಎಂಜಿನ್ನಿಗೆ ಕೈಹಚ್ಚುವ ಮೊದಲೇ ಅವನು ಅದನ್ನು ಚಾಲೂ ಮಾಡಿಸಿ, ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗೆ ಒತ್ತಿ, ಹಿಡಿಯನ್ನು ಕಿವಿಗಾನಿಸಿ, ಶಬ್ದವು ಟ್ಯಾಪೆಟ್ಟಿನದೋ ಬೇರಿಂಗಿನದೋ ಎಂಬುದನ್ನು ತಿಳಿದುಕೊಂಡಿದ್ದನು. ಹೆಡ್ಡು ಬಿಚ್ಚಿದಾಗ ಬೋರಿನ ಮೇಲಂಚಿನಲ್ಲಿ ಉಗುರಿಗೆ ತಡೆಯುವ ಏಣನ್ನು ಮುಟ್ಟಿ ನೋಡಿ, ಪಿಸ್ಟನ್ನಿನ ತಲೆಯ ಮಸಿಯನ್ನುಜ್ಜಿ, ಅಲ್ಲಿದ್ದ ಅಂಕಿಯನ್ನು ತೋರಿಸಿ, “ಇದು ಆಗಲೇ ಟ್ವೆಂಟಿ ಹೊಡ್ದಿರೋ ಬ್ಲಾಕು ಸ್ವಾಮಿ. ಈಗ ಫಾರ್ಟಿ ಹಾಕೋಣ, ಆಮೇಲೆ ಸ್ಲೀವೇ ಗತಿ,” ಎಂದನು. ಅಂಗುಲವನ್ನು ಸಾವಿರ ಪಾಲು ಮಾಡಿ ಮಾತನಾಡುವವನ ಗಣಿತ ಅದು. ಬ್ಲಾಕು ಲೇತಿಗೆ ಹೋಗಿ ಬರುವಷ್ಟರಲ್ಲಿ ಎಂಟು ವಾಲ್ವುಗಳಿಗೂ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ರಬ್ಬರ್ ಬಟ್ಟಲಿನ ಕೋಲನ್ನು ಅಂಗೈಗಳ ನಡುವೆ ಕಡೆಯುತ್ತಾ, ಆಗಾಗ ಎತ್ತಿ ತಿರುಗಿಸಿ ಇರಿಸುತ್ತಾ, ಅಂಚಿನಲ್ಲಿ ಎಲ್ಲಿಯೂ ಕಡಿಯದ ಬೂದು ಬಣ್ಣದ ಉಂಗುರ ಮೂಡುವವರೆಗೆ ಕುಳಿತಿದ್ದನು. ಬಳಿಕ ಹೆಡ್ಡನ್ನು ಮಗುಚಿ, ಕುಳಿಗಳಿಗೆ ಸೀಮೆಎಣ್ಣೆ ಸುರಿದು, ಬೀಡಿಯನ್ನು ಕಿವಿಯ ಮೇಲೇ ಬಿಟ್ಟು ಕಾದನು. ಒಂದು ಹನಿ ಜಿನುಗಿದರೂ ಆ ವಾಲ್ವಿಗೆ ಮೊದಲಿನಿಂದ ಮತ್ತೆ ಅದೇ ಸೇವೆ.

ಇಂಥವನನ್ನು ನಮ್ಮ ಪ್ರಬಂಧಗಳು ‘ವಕ್ತೃ’ವೆನ್ನುತ್ತವೆ, ಹೆಸರು ಅನುಬಂಧದಲ್ಲಿ, ಅದೂ ಪುಟ ಉಳಿದಿದ್ದರೆ. ಅವನದು ಮೌಖಿಕ ಪರಂಪರೆ, ಅವನು ಹೇಳಿದ್ದನ್ನು ಗೀಚಿಕೊಂಡವನದು ಶಾಸ್ತ್ರ! ಶ್ರಮದ ಘನತೆಯನ್ನು ಕುರಿತು ಒಂದು ತಾಸು ಭಾಷಣ ಮಾಡಿದ ಮಹನೀಯರೊಬ್ಬರು, ಸಭಾಂಗಣದ ಹೊರಗೆ ಬಿಸಿಲಿನಲ್ಲಿ ತಮ್ಮ ಕಾರಿನಡಿ ಮಲಗಿ ಎದ್ದವನೊಡನೆ 50 ರೂಪಾಯಿಗೆ ಚೌಕಾಶಿ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಇದಕ್ಕೆ ಪರಿಕಲ್ಪನೆಯೂ ಬೇಡ, ಆಯಾಮವೂ ಬೇಡ. ನಾಚಿಕೆಗೇಡು ಎಂದರೆ ಸಾಕು.

ಈಗಿನ ಕಾರುಗಳ ಬಾನೆಟ್ಟನ್ನೆತ್ತಿದರೆ ಕಾಣುವುದು ಪ್ಲಾಸ್ಟಿಕ್ ಮುಚ್ಚಳ. ದೋಷವನ್ನು ಹೇಳುವುದು ಸ್ಕ್ಯಾನರು. ಕೆಟ್ಟದ್ದನ್ನು ಬಿಚ್ಚಿ ನೋಡುವುದಕ್ಕಿಂತ ಇಡಿಯಾಗಿ ಬದಲಿಸುವುದೇ ರೂಢಿ. ಗಾಡಿ ಹೆಚ್ಚು ಕಾಲ ಓಡುತ್ತದೆ, ಹೊಗೆಯೂ ಕಡಮೆ; ಅಲ್ಲವೆನ್ನಲಾರೆ. ಆದರೆ ಆ ಕಿವಿಯನ್ನು ಯಾರು ಪಡೆದುಕೊಂಡರು? ಹದಿನೈದು ಥೌ ಟ್ಯಾಪೆಟ್ ಸಂದನ್ನು ಬೆರಳಿನ ಅಲುಗಾಟದಿಂದಲೇ ಅಳೆದು, ನನ್ನ ಸಮಾಧಾನಕ್ಕೆಂದು ಮಾತ್ರ ಗೇಜು ತೂರಿಸಿ ತೋರಿಸುತ್ತಿದ್ದ ಆ ಕೈಯನ್ನು? ಅವನಿಗೆ ಸ್ಪ್ಯಾನರ್ ಎತ್ತಿಕೊಡುತ್ತಿದ್ದ ಹುಡುಗರು ಈಗ ಕ್ಯಾಬ್ ಓಡಿಸುತ್ತಿದ್ದಾರೆ. ಅವರನ್ನು ದೂರುವಂತಿಲ್ಲ, ಗುರುವಿನ ವಿದ್ಯೆಗೆ ನಾವು ಕಟ್ಟಿದ ಬೆಲೆಯನ್ನು ಅವರು ದಿನವೂ ಪಕ್ಕದಲ್ಲೇ ನಿಂತು ನೋಡಿದವರು.

ಪದ್ಧತಿಯಂತೆ ಇಲ್ಲಿ ‘ಮುಂದಿನ ಅಧ್ಯಯನದ ಸಾಧ್ಯತೆಗಳು’ ಬರಬೇಕು. ಹೊಸ ರಿಂಗು ಪಿಸ್ಟನ್ನಿನ ಗಾಡಿಯನ್ನು ಮೊದಲ 500 ಮೈಲಿ ನಿಧಾನವಾಗಿ ಓಡಿಸಿ, ಆಯಿಲ್ ಬದಲಿಸಿ, ಹೆಡ್ಡಿನ ನಟ್ಟುಗಳನ್ನು ಮತ್ತೊಮ್ಮೆ ಬಿಗಿಸತಕ್ಕದ್ದು. ಅದಕ್ಕೆ ಮೇಸ್ತ್ರಿಯೇ ಬರಬೇಕು. ಆ ದಿನದ ಮಜೂರಿ ಬೇರೆ.