ದೋಷನಿವೇದನ ಮೀಮಾಂಸೆ, ಅಥವಾ ಎಚ್.ಡಿ. ಕೋಟೆಯ ಆನೆಯೂ ಲಿಬ್ರೆಆಫೀಸಿನ ಬಗ್ಗೂ

ತಂತ್ರಾಂಶದ ಬಗ್ ಬಗ್ಗೆ ನ್ಯಾಯದರ್ಶನದ ನೈಯಾಯಿಕರು ಏನೂ ಹೇಳಿಲ್ಲ. ಅವರ ಕಾಲಕ್ಕೆ ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶ ಇರಲಿಲ್ಲ, ಅದು ಹುಟ್ಟಿದ್ದು 2010ರಲ್ಲಿ. ಆದರೆ ಯಾವ ಅರಿವಿಗೂ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕೇ ಪ್ರಮಾಣ ಎಂದರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ: ನಮ್ಮ ಹುಣಸೂರು ಉಪವಿಭಾಗದ ತಾಲ್ಲೂಕುಗಳೂ ನಾಲ್ಕು. ಇದನ್ನು ಕಾಕತಾಳೀಯ ಎನ್ನುವವರು ಪ್ರಬಂಧವನ್ನು ಇಲ್ಲಿಗೇ ಮಡಿಸಿಡಬಹುದು.

ಕೆ.ಆರ್. ನಗರ ಪಂಥದ್ದು ಶಬ್ದಪ್ರಮಾಣ: "ಕಂಪ್ಯೂಟರ್ ಅಂಗಡಿ ಹುಡುಗ ಹಂಗಂದ." ಚರ್ಚೆ ಮುಗಿಯಿತು. ಹುಣಸೂರಿನವರು ಅನುಮಾನವಾದಿಗಳು. ಎಲ್ಲೆಲ್ಲಿ ಅಕ್ಷರ ಕೆಡುವುದೋ ಅಲ್ಲಲ್ಲಿ ವೈರಸ್ ಎಂಬ ವ್ಯಾಪ್ತಿಜ್ಞಾನ ಅವರಿಗೆ ಹುಟ್ಟಿನಿಂದ ಬಂದದ್ದು. ಕಂಡದ್ದನ್ನು ಬಿಟ್ಟು ಕಾರಣವನ್ನಷ್ಟೇ ಬರೆದು ಕಳಿಸುತ್ತಾರೆ. ಪಿರಿಯಾಪಟ್ಟಣದ ಉಪಮಾನ ಅಷ್ಟು ಹಗುರವಲ್ಲ. ಹರಾಜಿನಲ್ಲಿ "ಪಕ್ಕದ ಬೇಲ್‌ಗೆ ಆ ರೇಟು, ನಂದ್ಕ್ಯಾಕಿಲ್ಲ?" ಎಂದು ಕೇಳಿ ಪಳಗಿದ ತಂಬಾಕು ಬೆಳೆಗಾರ, "ಹಳೇ ಆವೃತ್ತಿಲಿ ಸರಿ ಇತ್ತು, ಹೊಸದ್ರಲ್ಲಿ ಕೆಟ್ಟದೆ" ಎಂದರೆ ಡೆವಲಪರ್‌ನ ಅರ್ಧ ಕೆಲಸ ಮುಗಿದಂತೆ. ಎರಡು ಆವೃತ್ತಿಗಳ ನಡುವೆ ಬದಲಾದದ್ದನ್ನಷ್ಟೇ ಹುಡುಕಿದರಾಯಿತು.

ಇನ್ನು ಪ್ರತ್ಯಕ್ಷ. ಕಾಡಂಚಿನ ಎಚ್.ಡಿ. ಕೋಟೆಯ ರೈತ ಅರಣ್ಯ ಇಲಾಖೆಯವರಿಗೆ ಫೋನ್ ಮಾಡುವುದನ್ನು ಕೇಳಬೇಕು: "ಸಾ, ಈಗ್ಲೇ ಸಾ, ಕೆರೆ ಏರಿ ತಾವ. ಮೂರವೆ, ಒಂದು ಮರಿ. ಜೋಳದ ಹೊಲದಿಂದ ಮೂಡ್ಲಾಗಿ ಹೊಂಟವೆ." ಕಾಲ, ದೇಶ, ಸಂಖ್ಯೆ, ಗತಿ ಎಲ್ಲವೂ ಇದೆ. ಆನೆ ಯಾಕೆ ಬಂತೆಂಬ ಊಹೆ ಮಾತ್ರ ಇಲ್ಲ. ಇದೇ ಮಹಾಶಯ ಮಗಳ ಅಭಿನಂದನಾ ಪತ್ರದ ಅಕ್ಷರ ಕೆಟ್ಟಾಗ ಲಿಬ್ರೆಆಫೀಸಿನ ದೋಷ ದೂರುವ ತಾಣವಾದ ಬಗ್‌ಜಿಲ್ಲಾದಲ್ಲಿ ಬರೆದದ್ದು: "ಕನ್ನಡ ಬರ್ತಿಲ್ಲ. ಬೇಗ ಸರಿ ಮಾಡಿ." ಆನೆಯ ಸುಳಿವೇ ಇಲ್ಲ. ಅತ್ತ ಕಡೆ ಓದುವವನು ಎಷ್ಟೋ ಸಲ ಸಂಬಳವಿಲ್ಲದೆ ದುಡಿಯುವವನು ಎಂಬುದು ಬೇರೆ ಮಾತು.

ಆದದ್ದಿಷ್ಟು: "ರ‍್ಯಾಂಕ್" ಬರಬೇಕಾದಲ್ಲಿ ಅರ್ಕಾವತ್ತು ಹೊತ್ತು "ರ್ಯಾಂಕ್" ಬಂತು. ರಕಾರದ ಬೆನ್ನಿಗೆ, ಹಲಂತಕ್ಕೆ ಮುಂಚೆ, ಕಣ್ಣಿಗೆ ಕಾಣದ ಒಂದು ಜೋಡಕ (ಯುನಿಕೋಡ್ ಸಂಕೇತ 200ಡಿ) ಇದ್ದರೆ ಮಾತ್ರ ಯಕಾರದ ಒತ್ತು ಕೆಳಗಿಳಿಯುತ್ತದೆ. ಅದು ಇಲ್ಲವೆಂದರೆ ಟೈಪಿಸಿದ ಕೈಯನ್ನೋ ಕೀಲಿಮಣೆಯನ್ನೋ ವಿಚಾರಿಸಬೇಕು. ಇದ್ದೂ ಕೆಟ್ಟರೆ ಫಾಂಟನ್ನೋ ತಂತ್ರಾಂಶವನ್ನೋ. ಮೊಬೈಲಿನಲ್ಲಿ ಹೊಡೆದ ಫೋಟೋದಲ್ಲಿ ಈ ಜೋಡಕ ಸಿಕ್ಕುವುದಿಲ್ಲ, ಫೈಲನ್ನೇ ಲಗತ್ತಿಸಬೇಕು. ಜೊತೆಗೆ ಆವೃತ್ತಿ ಸಂಖ್ಯೆ, ಲಿನಕ್ಸೋ ವಿಂಡೋಸೋ, ಯಾವ ಫಾಂಟು, ಏನು ಒತ್ತಿದರೆ ಏನು ಬಂತು, ಏನು ಬರಬೇಕಿತ್ತು. ಒಂದು ದೂರಿಗೆ ಒಂದೇ ಬಗ್. ಬೇರೆಯವರು ಆಗಲೇ ಅದನ್ನೇ ದೂರಿದ್ದಾರೆಯೇ ಎಂದು ಮೊದಲೇ ಹುಡುಕಿರಬೇಕು. ಇಷ್ಟಿಲ್ಲದಿದ್ದರೆ "ನೀಡ್‌ಇನ್ಫೋ" (ಇನ್ನೂ ಮಾಹಿತಿ ಬೇಕು) ಎಂಬ ಮುದ್ರೆ ಬಿದ್ದು ದೂರು ಮೂಲೆ ಸೇರುತ್ತದೆ.

ಪೂರ್ವಪಕ್ಷದವರ ಆಕ್ಷೇಪ: ಕೆ.ಆರ್. ನಗರದಿಂದ ಸಾಲಿಗ್ರಾಮ, ಕೋಟೆಯಿಂದ ಸರಗೂರು ಬೇರೆಯಾಗಿ ತಾಲ್ಲೂಕು ಈಗ ಆರಲ್ಲವೇ? ಹೌದು. ಭಾಟ್ಟ ಮೀಮಾಂಸಕರು ಇದನ್ನು ಮೊದಲೇ ಕಂಡವರಂತೆ ಅರ್ಥಾಪತ್ತಿ, ಅನುಪಲಬ್ಧಿ ಸೇರಿಸಿ ಪ್ರಮಾಣಗಳನ್ನು ಆರು ಮಾಡಿಟ್ಟಿದ್ದಾರೆ. ಇರಬೇಕಾದ್ದು ಕಾಣದಿರುವುದರಿಂದಲೇ ಅದು ಇಲ್ಲವೆಂದು ಅರಿಯುವ ದಾರಿ ಅನುಪಲಬ್ಧಿ. "ಪ್ರಿಂಟ್ ಒತ್ತಿದೆ, ಏನೂ ಬರಲಿಲ್ಲ" ಎಂಬ ದೂರು ಅದರ ಕೆಳಗೆ ಬರುತ್ತದೆ. ಅದನ್ನು ಸರಗೂರಿಗೆ ಕೊಡಬೇಕೋ ಸಾಲಿಗ್ರಾಮಕ್ಕೋ ಎಂಬುದನ್ನು, ಪ್ರಿಂಟರ್ ಆನ್ ಆಗಿತ್ತೇ ಎಂದು ವಿಚಾರಿಸಿದ ಮೇಲೆ ತೀರ್ಮಾನಿಸಲಾಗುವುದು.